ಅಮ್ಮ ನಮಗೆ ಹೇಳದೆ ಮಗುವಿಗೆ ಜ್ಞಾನಸ್ನಾನ ಮಾಡಿಸಿಬಿಟ್ಟಿದ್ದಾರೆ. ಇದು ಲೆಕ್ಕಕ್ಕೆ ಬರುತ್ತಾ?

ಐದು ತಿಂಗಳಮ್ಮ:
ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ. ನಾನು ಕಥೋಲಿಕ ಮನೆಯವಳು, ನನ್ನವರು ಬ್ಯಾಪ್ಟಿಸ್ಟ್ ಮನೆಯವರು. ಮಗಳಿಗೆ ಈಗ ಐದು ತಿಂಗಳು. ಜ್ಞಾನಸ್ನಾನ (ನೀರಿನಿಂದ ಕ್ರೈಸ್ತಳಾಗಿಸುವ ಸಂಸ್ಕಾರ, ನನ್ನವರ ಕಡೆ ದೀಕ್ಷಾಸ್ನಾನ ಎನ್ನುತ್ತಾರೆ) ಈಗಲೇ ಬೇಡ, ಇಬ್ಬರೂ ಕೂತು ಸಾವಕಾಶವಾಗಿ ಯೋಚಿಸೋಣ ಎಂದು ನಮ್ಮಲ್ಲಿ ಮಾತಾಗಿತ್ತು. ಅಮ್ಮನಿಗೆ ಇದು ಮೊದಲಿನಿಂದಲೂ ಹಿಡಿಸಿರಲಿಲ್ಲ.

ಕಳೆದ ವಾರ ಮಗು ನೋಡಿಕೊಳ್ಳಲು ಅಮ್ಮ ಬಂದಿದ್ದರು. ಹೊರಡುವ ದಿನ ಚೀಲದ ಜಿಪ್ ಎಳೆಯುತ್ತಾ "ಇನ್ನು ನನಗೆ ನಿಶ್ಚಿಂತೆ" ಎಂದರು. ಏನು ನಿಶ್ಚಿಂತೆ ಎಂದು ಕೇಳಿದೆ. ಬಾಯಿ ಬಿಟ್ಟರು. ನಾವಿಬ್ಬರೂ ಕೆಲಸಕ್ಕೆ ಹೋಗಿದ್ದಾಗ ಬಚ್ಚಲಲ್ಲಿ ಮಗುವನ್ನು ತೋಳ ಮೇಲೆ ಮಲಗಿಸಿಕೊಂಡು, ಅವಳದೇ ಹಳದಿ ಮಗ್‌ನಿಂದ ಹಣೆಗೆ ಮೂರು ಸಲ ನೀರು ಹೊಯ್ದಿದ್ದಾರೆ. "ಅಳಲೇ ಇಲ್ಲ ಕಣೆ, ನಕ್ಕಳು" ಎಂದು ಹೆಮ್ಮೆ ಬೇರೆ.

ನನ್ನವರು ಕೂಗಾಡಲಿಲ್ಲ. ಕೂಗಾಡಿದ್ದರೇ ವಾಸಿಯಿತ್ತು. ಸುಮ್ಮನೆ ಆ ಮಗ್ ತೆಗೆದು ಅಟ್ಟದ ಮೇಲೆ ಇಟ್ಟರು.

ಇದು ನಿಜವಾಗಿ ಜ್ಞಾನಸ್ನಾನ ಆಯಿತಾ? ಚರ್ಚಿನ ಗುರುಗಳಿಗೆ ಹೇಳಬೇಕಾ? ಮುಂದೆ ಮಗಳು ದೊಡ್ಡವಳಾಗಿ ಅಪ್ಪನ ಸಭೆಯಲ್ಲಿ ದೀಕ್ಷಾಸ್ನಾನ ಕೇಳಿದರೆ ಏನು ಕಥೆ?

ಕೊನೇ ಬೆಂಚು:
ಲೆಕ್ಕಕ್ಕೆ ಬರುತ್ತದೆ. ಮುಂದಿನ ಪ್ರಶ್ನೆ?

ಮುಳುಗು ಪಕ್ಷ:
ನಮ್ಮ ಬ್ಯಾಪ್ಟಿಸ್ಟರ ಲೆಕ್ಕಕ್ಕೆ ಬರುವುದಿಲ್ಲ. ಮಗುವಿನ ಮುಖ ತೊಳೆದಿದ್ದಾರೆ, ಅಷ್ಟೇ. ಮೊದಲು ನಂಬಬೇಕು, ಆಮೇಲೆ ನೀರಿಗೆ ಇಳಿಯಬೇಕು. ಐದು ತಿಂಗಳ ಕೂಸು ಏನನ್ನು ನಂಬಿತು? ನಿಮ್ಮ ಮನೆಯವರಿಗೆ ಹೇಳಿ, ಅವರ ನಂಬಿಕೆಯ ಪ್ರಕಾರ ಏನೂ ಆಗಿಲ್ಲ, ಆರಾಮಾಗಿ ಇರಿ ಅಂತ.

ಕಾನೂನು ಕಣ್ಣು:
ಕೊನೇ ಬೆಂಚಿನವರೇ, ಅಷ್ಟು ಅವಸರ ಬೇಡ. ಇಲ್ಲಿ ಎರಡು ಪ್ರಶ್ನೆ ಇವೆ. ಆಯಿತೇ ಎನ್ನುವುದು ಒಂದು. ಮಾಡಬಹುದಿತ್ತೇ ಎನ್ನುವುದು ಇನ್ನೊಂದು.

ಮಾಡಬಾರದಿತ್ತು. ಕಥೋಲಿಕ ಧರ್ಮಸಭೆಯ 1983ರ ಕಾನೂನು ಸಂಹಿತೆ ತೆಗೆದು ನೋಡಿ. ಕಲಮು 868ರ ಪ್ರಕಾರ ಶಿಶುವಿಗೆ ಜ್ಞಾನಸ್ನಾನ ಕೊಡಲು ತಂದೆ ತಾಯಿಯಲ್ಲಿ ಒಬ್ಬರಾದರೂ ಒಪ್ಪಿರಬೇಕು. ಮಗು ಆ ವಿಶ್ವಾಸದಲ್ಲಿ ಬೆಳೆಯುತ್ತದೆ ಎನ್ನುವ ಭರವಸೆಯೂ ಇರಬೇಕು. ಜೀವಕ್ಕೆ ಅಪಾಯ ಇದ್ದರೆ ಮಾತು ಬೇರೆ. ನಿಮ್ಮ ಮಗಳು ಆರೋಗ್ಯವಾಗಿ ನಗುತ್ತಿದ್ದಳು. ಹಾಗಾಗಿ ಅಜ್ಜಿ ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ಆದರೆ ತಪ್ಪಾಗಿ ಮಾಡಿದ್ದೂ ಸಿಂಧು ಆಗಬಹುದು. ನೀರು ನಿಜವಾಗಿ ಹರಿದಿರಬೇಕು, ಮಾತು ("ಪಿತನ, ಸುತನ, ಪವಿತ್ರಾತ್ಮನ ನಾಮದಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ") ಸರಿಯಾಗಿರಬೇಕು, ಧರ್ಮಸಭೆ ಏನು ಮಾಡುತ್ತದೋ ಅದನ್ನೇ ಮಾಡುವ ಉದ್ದೇಶ ಇರಬೇಕು. ಈ ಮೂರೂ ಇದ್ದರೆ ಮಾಡಿಸಿದವರು ಗುರುವಾಗಿರಬೇಕಿಲ್ಲ. ಕ್ರೈಸ್ತರೇ ಆಗಿರಬೇಕಿಲ್ಲ. ನೀರು ಹೊಯ್ದರು ಎಂದಿರಿ. ಅಮ್ಮ ಏನು ಹೇಳಿದರು? ಒಂದೊಂದು ಪದವೂ ಬೇಕು.

ನಂಬಿಕೆ ಅರ್ಧ:
ಒಂದೊಂದು ಪದವೂ ಬೇಕಂತೆ. ಇದು ದೇವರ ಕೃಪೆಯೋ ಎಟಿಎಂ ಪಿನ್ನೋ?

ಹಳೇ ಗಂಟೆ:
ನಗಬೇಡಿ. ಒಂದೇ ಪದಕ್ಕೆ ಒಬ್ಬರ ಗುರುಪಟ್ಟವೇ ಹಾರಿಹೋದದ್ದು ಗೊತ್ತಾ? 2020ರ ಆಗಸ್ಟ್‌ನಲ್ಲಿ ವ್ಯಾಟಿಕನ್ ಒಂದು ಉತ್ತರ ಕೊಟ್ಟಿತು. "ನಾನು" ಎನ್ನುವ ಬದಲು "ನಾವು ನಿನಗೆ ಜ್ಞಾನಸ್ನಾನ ಕೊಡುತ್ತೇವೆ" ಎಂದಿದ್ದರೆ ಅದು ಜ್ಞಾನಸ್ನಾನವೇ ಅಲ್ಲ ಎಂದು. ಅಮೆರಿಕದ ಡೆಟ್ರಾಯಿಟ್ ಧರ್ಮಪ್ರಾಂತ್ಯದ ಒಬ್ಬ ಯುವ ಗುರು ಅದನ್ನು ಓದಿದರು. ತನ್ನ ಶಿಶುಸ್ನಾನದ ಹಳೇ ವಿಡಿಯೋ ನೆನಪಾಯಿತು. ಅದರಲ್ಲಿ "ನಾವು" ಎಂದೇ ಇತ್ತು! ಜ್ಞಾನಸ್ನಾನ ಇಲ್ಲದಿದ್ದರೆ ದೃಢೀಕರಣ ಇಲ್ಲ, ಗುರುದೀಕ್ಷೆಯೂ ಇಲ್ಲ. ಅದೇ ತಿಂಗಳಲ್ಲಿ ಅವರಿಗೆ ಎಲ್ಲವನ್ನೂ ಮೊದಲಿನಿಂದ ಕೊಟ್ಟರು.

ಗಾಯನ ಮಂಡಳಿ ಮೂರನೇ ಸಾಲು:
ಅಯ್ಯೋ! ಹಾಗಾದರೆ ಅವರು ಅಲ್ಲಿಯತನಕ ಕೊಟ್ಟ ಸಂಸ್ಕಾರಗಳು?

ಕಾನೂನು ಕಣ್ಣು:
ಅವರು ಕೊಟ್ಟ ಜ್ಞಾನಸ್ನಾನಗಳು ಸರಿ, ಯಾಕೆಂದರೆ ಅದನ್ನು ಯಾರು ಬೇಕಾದರೂ ಕೊಡಬಹುದು. ಬಲಿಪೂಜೆ (ಚರ್ಚಿನ ಮಾಸ್), ಪಾಪಕ್ಷಮೆ ಮಾತ್ರ ಸಿಂಧು ಅಲ್ಲ, ಅವಕ್ಕೆ ಗುರುವೇ ಬೇಕು. ಆದರೆ ಆ ಜನ ನಂಬಿ ಬಂದಿದ್ದರಲ್ಲ, ದೇವರು ಅವರನ್ನು ಬರಿಗೈಯಲ್ಲಿ ಕಳಿಸಿರುತ್ತಾನೆ ಎಂದು ಯಾರೂ ಹೇಳಲಿಲ್ಲ. ದೇವರು ಸಂಸ್ಕಾರಗಳಿಗೆ ಕೃಪೆಯನ್ನು ಕಟ್ಟಿಕೊಟ್ಟಿದ್ದಾನೆ, ತಾನೇ ಅವುಗಳಿಗೆ ಕಟ್ಟುಬಿದ್ದಿಲ್ಲ ಎನ್ನುವುದು ಹಳೇ ಮಾತು.

ನಂಬಿಕೆ ಅರ್ಧ:
ಹಾಗಿದ್ದ ಮೇಲೆ ವಿಡಿಯೋ ನೋಡಿ ಗಾಬರಿ ಯಾಕೆ?

ಪದ ಬಿಡಿಸುವವಳು:
ನನಗೆ ಬೇರೆಯದೇ ಅನುಮಾನ. ಕನ್ನಡದಲ್ಲಿ "ನಾನು" ಎಂದು ಹೇಳಲೇಬೇಕಾಗಿಲ್ಲ. "ಕೊಡುತ್ತೇನೆ" ಎಂದರೆ ಅದರೊಳಗೇ "ನಾನು" ಕೂತಿದೆ. "ಕೊಡುತ್ತೇವೆ" ಎಂದರೆ "ನಾವು". ಅಂದರೆ ನಮ್ಮಲ್ಲಿ ಇಡೀ ವ್ಯಾಜ್ಯ "ನೆ" ಮತ್ತು "ವೆ" ನಡುವೆ! ಹಲ್ಲಿಲ್ಲದ ಅಜ್ಜಿ ಹೇಳಿದರೆ ಯಾವುದು ಅಂದರೆಂದು ಕೇಳಿಸುವುದೂ ಕಷ್ಟ.

ಹಳೇ ಗಂಟೆ:
ಲ್ಯಾಟಿನ್ನಿನಲ್ಲೂ ಹಾಗೇ. ಕ್ರಿಯಾಪದದಲ್ಲೇ "ನಾನು" ಅಡಗಿರುತ್ತದೆ, ಆದರೂ ಬಿಡಿಸಿ ಹೇಳುತ್ತಾರೆ.

ಪೂರ್ವದ ಕಿಟಕಿ:
ನಮ್ಮ ಆರ್ಥೊಡಾಕ್ಸ್ ವಿಧಿಯಲ್ಲಿ "ನಾನು" ಇಲ್ಲವೇ ಇಲ್ಲ. "ದೇವರ ದಾಸಿಯಾದ ಇಂಥವಳು ಜ್ಞಾನಸ್ನಾನ ಪಡೆಯುತ್ತಾಳೆ, ಪಿತನ ನಾಮದಲ್ಲಿ..." ಎಂದು ಹೇಳಿ ಮೂರು ಸಲ ಪೂರ್ತಿ ಮುಳುಗಿಸುತ್ತಾರೆ. ಇದನ್ನು ರೋಮ್ ಕೂಡ ಒಪ್ಪುತ್ತದೆ. ಅಲ್ಲೇ ತೈಲದ ಮುದ್ರೆ, ಅಲ್ಲೇ ಪರಮಪ್ರಸಾದ (ಕ್ರಿಸ್ತನ ಶರೀರ, ರಕ್ತವೆಂದು ಕೊಡುವ ರೊಟ್ಟಿ, ದ್ರಾಕ್ಷಾರಸ). ಹಾಲು ಕುಡಿಯುವ ಮಗುವಿಗೂ ಚಮಚದಲ್ಲಿ ಕೊಡುತ್ತಾರೆ. ನೀವು ಏಳು ವರ್ಷದ ತನಕ ಮಕ್ಕಳನ್ನು ಹಸಿದಿಟ್ಟು, ಆಮೇಲೆ ಬಿಳಿ ಉಡುಪು ಹಾಕಿಸಿ ಫೋಟೋ ತೆಗೆಸುತ್ತೀರಿ. ಬೇಜಾರು ಮಾಡಿಕೊಳ್ಳಬೇಡಿ, ತಮಾಷೆಗೆ ಹೇಳಿದೆ. ಅರ್ಧ ತಮಾಷೆ.

ಧರ್ಮೋಪದೇಶದ ಟೀಚರ್:
ಏಳು ವರ್ಷವೇ ಸುಧಾರಣೆ ಸ್ವಾಮಿ. ಅದಕ್ಕೂ ಮೊದಲು ಹತ್ತು, ಹನ್ನೆರಡು ವರ್ಷ ಕಾಯಿಸುತ್ತಿದ್ದರು. 1910ರಲ್ಲಿ ಹತ್ತನೇ ಪಯಸ್ ಪೋಪ್ ಅವರು ಮಗುವಿಗೆ ತಿಳಿವಳಿಕೆ ಬಂದರೆ ಸಾಕು, ಸಾಮಾನ್ಯ ರೊಟ್ಟಿಗೂ ಈ ರೊಟ್ಟಿಗೂ ವ್ಯತ್ಯಾಸ ಗೊತ್ತಾದರೆ ಸಾಕು ಎಂದರು. ನನ್ನ ತರಗತಿಯಲ್ಲಿ ಒಬ್ಬ ಹುಡುಗನನ್ನು ಕೇಳಿದೆ, ಏನು ವ್ಯತ್ಯಾಸ ಮರಿ ಎಂದು. "ಇದು ಅಂಗುಳಕ್ಕೆ ಅಂಟಿಕೊಳ್ಳುತ್ತೆ ಮಿಸ್" ಎಂದ. ತಪ್ಪು ಎನ್ನಲು ಬಾಯಿ ಬರಲಿಲ್ಲ.

ರಾತ್ರಿ ಪಾಳಿ ನರ್ಸ್:
ಮೂಲ ವಿಷಯಕ್ಕೆ ಬರುತ್ತೇನೆ. ನಾನು ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ಐಸಿಯುವಿನಲ್ಲಿ ಕೆಲಸ ಮಾಡುತ್ತೇನೆ. ನನ್ನ ಐಡಿ ಕಾರ್ಡಿನ ಹಿಂದೆ ಒಂದು ಸಣ್ಣ ಚೀಟಿ ಇದೆ, ಅದರಲ್ಲಿ ಆ ಒಂದೇ ವಾಕ್ಯ. ಬಾಯಿಪಾಠ ಇದೆ, ಆದರೆ ಆ ಹೊತ್ತಿಗೆ ಮರೆತುಹೋಗುತ್ತದೆ. ಇನ್‌ಕ್ಯುಬೇಟರಿನ ಕಿಂಡಿಯಲ್ಲಿ ಕೈ ತೂರಿಸಿ, ಸಿರಿಂಜಿನಲ್ಲಿ ಬೆಚ್ಚಗಿನ ಶುದ್ಧ ನೀರು, ಮೂರು ಹನಿ. ಹಣೆ ಇರುವುದೇ ನನ್ನ ಹೆಬ್ಬೆರಳಿನಷ್ಟು. ಹನಿ ಕೂರಬಾರದು, ಜಾರಬೇಕು, ಅದಕ್ಕೆ ತಲೆಯನ್ನು ಒಂದಿಷ್ಟು ವಾಲಿಸುತ್ತೇನೆ.

ಆದರೆ ಒಂದು ಸಲವೂ ಅಪ್ಪ ಅಮ್ಮ ಕೇಳದೆ ಮಾಡಿಲ್ಲ. ಅವರು ಬೇಡ ಎಂದರೆ ಬೇಡ, ಕೈ ಹಿಡಿದು ಕೂರುತ್ತೇನೆ. ಹಾಗಾಗಿ ನಿಮ್ಮ ಮನೆಯವರ ಮೌನ ನನಗೆ ಅರ್ಥವಾಗುತ್ತದೆ. ಮಗುವಿನ ವಿಷಯದಲ್ಲಿ ತನ್ನನ್ನು ಕೇಳಲಿಲ್ಲ ಎನ್ನುವುದೇ ಅವರ ನೋವು. ನೀರು ಬಿದ್ದದ್ದಕ್ಕೆ ಅಲ್ಲ.

ಐದು ತಿಂಗಳಮ್ಮ:
ನರ್ಸ್ ಅಕ್ಕಾ, ಇದನ್ನು ಅವರಿಗೂ ಓದಿ ಹೇಳಿದೆ. ಹೂಂ ಎಂದರು. ಎರಡು ದಿನದಲ್ಲಿ ಮೊದಲ ಹೂಂ.

ಅಮ್ಮನಿಗೆ ಫೋನ್ ಮಾಡಿ ಏನು ಹೇಳಿದೆ ಎಂದು ಕೇಳಿದೆ. "ಹೇಳಬೇಕಾದ್ದನ್ನೇ ಹೇಳಿದೆ, ನಲವತ್ತು ವರ್ಷ ಕೇಳಿಸಿಕೊಂಡಿಲ್ವಾ" ಎಂದು ಇಟ್ಟೇಬಿಟ್ಟರು.

ಲೂಥರನ್ ಮಾವ:
ಇದು ಕಥೋಲಿಕರ ಗುತ್ತಿಗೆ ಅಲ್ಲ. ತುರ್ತು ಸ್ನಾನವನ್ನು ರೋಮಿನಿಂದ ಬೇರೆಯಾದ ಸುಧಾರಕ ಲೂಥರ್ ಕೂಡ ಉಳಿಸಿಕೊಂಡರು. ಇನ್ನೊಬ್ಬ ಸುಧಾರಕ ಕ್ಯಾಲ್ವಿನ್ ಒಪ್ಪಲಿಲ್ಲ. ಮಗು ದೇವರ ಒಡಂಬಡಿಕೆಯಲ್ಲಿ ಹುಟ್ಟಿದಾಗಿನಿಂದ ಇದೆ, ಸೂಲಗಿತ್ತಿ ಓಡಿಬಂದು ನೀರು ಹಾಕದಿದ್ದರೆ ನರಕಕ್ಕೆ ಹೋಗುತ್ತದೆ ಎನ್ನುವುದು ದೇವರಿಗೇ ಅವಮಾನ ಎನ್ನುವ ಅರ್ಥದಲ್ಲಿ ವಾದಿಸಿದರು. ನಾನು ಲೂಥರನ್ ಆದರೂ ಈ ಒಂದು ವಿಷಯದಲ್ಲಿ ಕ್ಯಾಲ್ವಿನ್ ಕಡೆ.

ಮುಳುಗು ಪಕ್ಷ:
ನೀವೆಲ್ಲ ಒಂದೇ. 1525ರಲ್ಲಿ ಜ್ಯೂರಿಕ್‌ನಲ್ಲಿ ನಮ್ಮಂಥವರು ದೊಡ್ಡವರಾದ ಮೇಲೆ ದೀಕ್ಷಾಸ್ನಾನ ತೆಗೆದುಕೊಂಡರು. ಎರಡು ವರ್ಷ ಕಳೆಯುವುದರೊಳಗೆ ಅವರಲ್ಲೊಬ್ಬನಾದ ಫೆಲಿಕ್ಸ್ ಮಾಂಟ್ಸ್‌ನನ್ನು ಅಲ್ಲಿನ ನದಿಯಲ್ಲೇ ಮುಳುಗಿಸಿ ಕೊಂದರು. ಮುಳುಗಿಸಿದವರು ಸುಧಾರಕರೇ! ಒತ್ತಾಯದ ಸ್ನಾನ ಎಂದರೆ ನಮಗೆ ಮೈ ಉರಿಯುವುದು ಇದಕ್ಕೇ.

ಕೊನೇ ಬೆಂಚು:
ಹಳದಿ ಮಗ್‌ನಿಂದ ಜ್ಯೂರಿಕ್ ತನಕ ಬಂದೆವು. ಭೇಷ್.

ಸಾಕ್ಷಿ ಸಹಿ:
ಯಾರೂ ಕೇಳದ ಪ್ರಶ್ನೆ ನಾನು ಕೇಳುತ್ತೇನೆ, ಬೈಯಬೇಡಿ. ಮೇಡಂ, ನಿಮ್ಮ ಮದುವೆ ಚರ್ಚಿನಲ್ಲಿ ಆಗಿದ್ದರೆ ನೀವು ಒಂದು ಕಾಗದಕ್ಕೆ ಸಹಿ ಮಾಡಿರಬೇಕಲ್ವಾ? ಮಕ್ಕಳಿಗೆಲ್ಲ ಕಥೋಲಿಕ ಜ್ಞಾನಸ್ನಾನ ಕೊಡಿಸಲು ನನ್ನಿಂದಾದ ಪ್ರಯತ್ನ ಮಾಡುತ್ತೇನೆ ಎಂದು. ಈಗ "ಸಾವಕಾಶವಾಗಿ ಯೋಚಿಸೋಣ" ಎಂದರೆ ಹೇಗೆ? ಅಮ್ಮ ನಿಮ್ಮ ಮಾತನ್ನೇ ನಡೆಸಿಕೊಟ್ಟಂತೆ ಆಯಿತು.

ಐದು ತಿಂಗಳಮ್ಮ:
ಸಹಿ ಮಾಡಿದ್ದೇನೆ. ಇಲ್ಲ ಎನ್ನುವುದಿಲ್ಲ. "ನನ್ನಿಂದಾದ ಪ್ರಯತ್ನ" ಎಂದೇ ಅದರಲ್ಲಿ ಇತ್ತು. ಗಂಡನ ಬೆನ್ನ ಹಿಂದೆ ಮಾಡಿಸುವುದು ನನ್ನಿಂದಾಗುವ ಪ್ರಯತ್ನ ಅಲ್ಲ.

ಕಾನೂನು ಕಣ್ಣು:
ಸರಿಯಾಗಿ ಹೇಳಿದಿರಿ. 1970ರ ನಂತರ ಆ ಮಾತು ಕೊಡುವುದು ಕಥೋಲಿಕ ಸಂಗಾತಿ ಮಾತ್ರ. ಇನ್ನೊಬ್ಬರಿಗೆ ಹೀಗೊಂದು ಮಾತು ಕೊಟ್ಟಿದ್ದಾರೆ ಎಂದು ತಿಳಿಸಬೇಕು, ಅಷ್ಟೇ. ಅವರಿಂದ ಸಹಿ ಕೇಳುವಂತಿಲ್ಲ. ಮದುವೆ ಮುರಿದುಕೊಂಡಾದರೂ ಮಾಡಿಸಿ ಎಂದು ಯಾವ ಕಲಮೂ ಹೇಳುವುದಿಲ್ಲ. ಅಂದಹಾಗೆ ಇಬ್ಬರಿಗೂ ಸ್ನಾನ ಆಗಿರುವುದರಿಂದ ನಿಮ್ಮ ಮದುವೆಯೇ ಒಂದು ಸಂಸ್ಕಾರ. ಅದನ್ನು ಕೊಟ್ಟದ್ದು ಗುರುಗಳಲ್ಲ, ನೀವಿಬ್ಬರೇ ಒಬ್ಬರಿಗೊಬ್ಬರು. ಗುರು ಅಲ್ಲಿ ಸಾಕ್ಷಿ.

ಪೂರ್ವದ ಕಿಟಕಿ:
ನಮ್ಮಲ್ಲಿ ಗುರುವೇ ಕೊಡುವುದು. ಮದುಮಕ್ಕಳ ತಲೆಗೆ ಕಿರೀಟ ಇಡುವುದು ಯಾರು ಮತ್ತೆ?

ಗೋಧಿ ಆಗದವಳು:
ವಿಷಯ ಬೇರೆ, ಆದರೆ ಇಷ್ಟು ತಿಳಿದವರು ಒಂದೇ ಕಡೆ ಸಿಗುವುದಿಲ್ಲ ಎಂದು ಕೇಳುತ್ತಿದ್ದೇನೆ. ನನಗೆ ಸೀಲಿಯಾಕ್ ಕಾಯಿಲೆ, ಗೋಧಿ ಮುಟ್ಟುವಂತಿಲ್ಲ. ಅಕ್ಕಿಯಿಂದ ಮಾಡಿದ ಓಸ್ತಿ (ಪರಮಪ್ರಸಾದದ ರೊಟ್ಟಿ) ತರುತ್ತೇನೆ ಎಂದರೆ ಗುರುಗಳು ಆಗುವುದಿಲ್ಲ ಎಂದರು. ಯಾಕೆ ಇಷ್ಟು ಹಟ?

ಕಾನೂನು ಕಣ್ಣು:
ಗೋಧಿಯೇ ಆಗಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಗ್ಲುಟೆನ್ ಬಹಳ ಕಡಿಮೆ ಇರುವ ಓಸ್ತಿ ಸಿಗುತ್ತದೆ, ಅದಕ್ಕೆ ಅಭ್ಯಂತರವಿಲ್ಲ. ಅದೂ ಆಗದಿದ್ದರೆ ದ್ರಾಕ್ಷಾರಸ ಮಾತ್ರ ಸ್ವೀಕರಿಸಿ. ಅರ್ಧ ಸಿಕ್ಕಿತು ಎಂದುಕೊಳ್ಳಬೇಡಿ, ಎರಡರಲ್ಲಿ ಒಂದರಲ್ಲೂ ಕ್ರಿಸ್ತ ಪೂರ್ತಿ ಇದ್ದಾನೆ ಎನ್ನುವುದೇ ಬೋಧನೆ. ಒಂದು ಮಾತು: ಗುರುಗಳು ತಮ್ಮ ಪಾತ್ರೆಯಲ್ಲಿ ಓಸ್ತಿಯ ಚೂರು ಹಾಕುತ್ತಾರೆ. ನಿಮಗೆ ಬೇರೆ ಪಾತ್ರೆ ಇಡಲು ಮೊದಲೇ ಹೇಳಿಡಿ.

ಗೋಧಿ ಆಗದವಳು:
ಆ ಚೂರಿನಿಂದಲೇ ನಾನು ಮೂರು ವಾರ ನರಳಿದ್ದು! ಈಗ ಗೊತ್ತಾಯಿತು.

ಗಾಯನ ಮಂಡಳಿ ಮೂರನೇ ಸಾಲು:
ನಮ್ಮ ಮೆಥಡಿಸ್ಟ್ ಕಡೆ ಹುದುಗದ ದ್ರಾಕ್ಷಿ ರಸವೇ. 1869ರಲ್ಲಿ ವೆಲ್ಚ್ ಎಂಬ ಹಲ್ಲಿನ ವೈದ್ಯರು, ಅವರೂ ಮೆಥಡಿಸ್ಟ್, ರಸವನ್ನು ಬಿಸಿ ಮಾಡಿ ಹುದುಗದಂತೆ ಇಡುವುದನ್ನು ಕಂಡುಕೊಂಡರು. ಕರ್ತನ ಭೋಜನಕ್ಕೆಂದೇ ಮಾಡಿದ್ದು. ಆಮೇಲೆ ಅದೇ ದೊಡ್ಡ ಜ್ಯೂಸ್ ಕಂಪನಿ ಆಯಿತು.

ಕೊನೇ ಬೆಂಚು:
ಸಾಲ್ವೇಶನ್ ಆರ್ಮಿಯವರಿಗೆ, ಕ್ವೇಕರ್‌ಗಳಿಗೆ ಈ ತಲೆನೋವೇ ಇಲ್ಲ. ರೊಟ್ಟಿಯೂ ಬೇಡ, ನೀರೂ ಬೇಡ.

ನಿರ್ವಾಹಕ:
ದಯವಿಟ್ಟು ಮೂಲ ವಿಷಯಕ್ಕೆ ಬನ್ನಿ. ಜ್ಯೂಸಿಗೆ ಬೇರೆ ಎಳೆ ತೆರೆಯಿರಿ.

ಐದು ತಿಂಗಳಮ್ಮ:
ಇವತ್ತು ನಾನೇ ಅಮ್ಮನ ಮನೆಗೆ ಹೋಗಿದ್ದೆ. ಜಗಳಕ್ಕೇ ಹೋದದ್ದು. ಅಮ್ಮ ಒಂದು ವಿಷಯ ಹೇಳಿದರು, ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ನನಗಿಂತ ಮೊದಲು ಒಂದು ಮಗು ಇತ್ತು. ಹೆಣ್ಣು. ನಾಲ್ಕು ಗಂಟೆ ಬದುಕಿತ್ತು. ಗುರುಗಳನ್ನು ಕರೆಯಲು ಅಪ್ಪ ಸೈಕಲ್ಲಿನಲ್ಲಿ ಹೋಗಿ ಬರುವಷ್ಟರಲ್ಲಿ ಮುಗಿದಿತ್ತು. ತಾನೇ ನೀರು ಹಾಕಬಹುದು ಎಂದು ಅಮ್ಮನಿಗೆ ಗೊತ್ತಿರಲಿಲ್ಲ. ಆಮೇಲೆ ಯಾರೋ ಹೇಳಿದರಂತೆ, "ನೀನೇ ಹಾಕಬಹುದಿತ್ತಲ್ಲ" ಎಂದು. ಮಗುವನ್ನು ಸ್ಮಶಾನದ ಬೇಲಿಯ ಹೊರಗೆ ಹೂತರಂತೆ. ಅದು ಸ್ವರ್ಗಕ್ಕೂ ಹೋಗುವುದಿಲ್ಲ, ನರಕಕ್ಕೂ ಹೋಗುವುದಿಲ್ಲ, ನಡುವೆ ಎಲ್ಲೋ ಇರುತ್ತದೆ ಎಂದು ಊರಿನ ಹಿರಿಯರು ಹೇಳಿದರಂತೆ.

ಜಗಳ ಮಾಡಲು ಆಗಲಿಲ್ಲ.

ರಾತ್ರಿ ಪಾಳಿ ನರ್ಸ್:
"ನೀನೇ ಹಾಕಬಹುದಿತ್ತಲ್ಲ." ಆ ಮಾತು ಹೇಳಿದವರಿಗೆ ನಾನು ಏನು ಹೇಳಲಿ.

ಹಳೇ ಗಂಟೆ:
ಅಮ್ಮನಿಗೆ ಇದನ್ನು ದಯವಿಟ್ಟು ತಿಳಿಸಿ. ಆ "ನಡುವಿನ ಜಾಗ", ಲಿಂಬೋ ಎನ್ನುವುದು, ಯಾವತ್ತೂ ಕಡ್ಡಾಯದ ವಿಶ್ವಾಸಸತ್ಯ ಆಗಿರಲಿಲ್ಲ. ಪಂಡಿತರು ಕಟ್ಟಿದ ಒಂದು ವಿವರಣೆ, ಅಷ್ಟೇ. ಆದರೂ ಪ್ರವಚನಗಳಲ್ಲಿ ಗೋಡೆ ಕಟ್ಟಿದಷ್ಟು ಗಟ್ಟಿಯಾಗಿ ಹೇಳುತ್ತಿದ್ದರು. 2007ರಲ್ಲಿ ವ್ಯಾಟಿಕನ್ನಿನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಇದರ ಮೇಲೇ ಒಂದು ದಾಖಲೆ ಹೊರಡಿಸಿತು. ಸ್ನಾನವಿಲ್ಲದೆ ತೀರಿದ ಮಕ್ಕಳು ರಕ್ಷಣೆ ಪಡೆದು ದೇವರನ್ನು ಕಾಣುತ್ತಾರೆ ಎಂದು ನಿರೀಕ್ಷಿಸಲು ಗಟ್ಟಿ ಆಧಾರಗಳಿವೆ ಎಂದು ಅದರಲ್ಲಿ ಇದೆ. ಖಂಡಿತ ಗೊತ್ತು ಎಂದು ಹೇಳಿಲ್ಲ, ನಿರೀಕ್ಷೆ ಎಂದಿದ್ದಾರೆ. ಬೇಲಿಯ ವಿಷಯವೂ ಬದಲಾಗಿದೆ. 1917ರ ಹಳೇ ಕಾನೂನು ಅಂಥ ಮಕ್ಕಳಿಗೆ ಧರ್ಮಸಭೆಯ ಅಂತ್ಯಕ್ರಿಯೆ ಕೊಡುತ್ತಿರಲಿಲ್ಲ. ಈಗ ತಂದೆ ತಾಯಿಗೆ ಜ್ಞಾನಸ್ನಾನ ಮಾಡಿಸುವ ಮನಸ್ಸಿತ್ತು ಎಂದಾದರೆ ಧರ್ಮಾಧ್ಯಕ್ಷರ ಅನುಮತಿಯಿಂದ ಕೊಡುತ್ತಾರೆ.

ಎಣ್ಣೆ ಬಾಟಲಿ:
ಹಳೇ ಹೆದರಿಕೆ ಹೋಗುವುದೇ ಇಲ್ಲ ನೋಡಿ. ನನ್ನ ತಂದೆಗೆ ಆಪರೇಷನ್ ಇತ್ತು. ಗುರುಗಳನ್ನು ಕರೆಸಿದೆವು. ಎಣ್ಣೆಯ ಪುಟ್ಟ ಡಬ್ಬಿ ಜೇಬಿನಿಂದ ಹೊರಗೆ ಬಂದಿದ್ದೇ ತಡ, ಅಪ್ಪ ಗೋಡೆ ಕಡೆ ತಿರುಗಿ ಮಲಗಿದರು. "ಇನ್ನೂ ಇದ್ದೀನಿ ಕಣಪ್ಪ" ಎಂದರು. ಅವರ ಕಾಲದಲ್ಲಿ ಅದಕ್ಕೆ ಕಡೇ ಎಣ್ಣೆ ಎಂದೇ ಹೆಸರು. 1972ರಿಂದ ಆ ವಿಧಿಯೇ ಬದಲಾಗಿ ರೋಗಿಗಳ ಅಭ್ಯಂಗ ಆಗಿದೆ, ಮತ್ತೆ ಮತ್ತೆ ತೆಗೆದುಕೊಳ್ಳಬಹುದು. ಗುರುಗಳು ಹತ್ತು ನಿಮಿಷ ಕ್ರಿಕೆಟ್ ಮಾತಾಡಿ, ಆಮೇಲೆ ಹಣೆಗೂ ಅಂಗೈಗೂ ಹಚ್ಚಿದರು. ಅಪ್ಪ ಆ ನಂತರ ಇನ್ನೂ ಮೂರು ಸಲ ಹಚ್ಚಿಸಿಕೊಂಡರು.

ನಂಬಿಕೆ ಅರ್ಧ:
ಎಟಿಎಂ ಪಿನ್ ಎಂದಿದ್ದೆ. ಆ ಮಾತು ವಾಪಸ್. ವಾದ ವಾಪಸ್ ಇಲ್ಲ. ಒಬ್ಬ ತಾಯಿಯನ್ನು ನಲವತ್ತು ವರ್ಷ ಹೀಗೆ ಇಟ್ಟದ್ದು ನಿಮ್ಮ ಸಂಸ್ಕಾರವೇ ತಾನೇ?

ಧರ್ಮೋಪದೇಶದ ಟೀಚರ್:
ಹೌದು. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ತರಗತಿಯಲ್ಲಿ ಇನ್ನು ಮೇಲೆ ಆ ಪಾಠವನ್ನು ಬೇರೆ ರೀತಿ ಶುರು ಮಾಡುತ್ತೇನೆ.

ಮುಳುಗು ಪಕ್ಷ:
ನನ್ನ ಮೊದಲ ಪೋಸ್ಟಿನಲ್ಲಿ ಮುಖ ತೊಳೆದಿದ್ದಾರೆ ಎಂದಿದ್ದಕ್ಕೆ ಕ್ಷಮೆ ಇರಲಿ. ನನ್ನ ನಂಬಿಕೆ ಅದೇ. ಆದರೆ ಹಾಗೆ ಹೇಳಬಾರದಿತ್ತು.

ಐದು ತಿಂಗಳಮ್ಮ:
ಕೊನೆಯ ಸಮಾಚಾರ. ನಿನ್ನೆ ನನ್ನವರೇ ಅಮ್ಮನಿಗೆ ಫೋನ್ ಮಾಡಿದರು. ಸ್ಪೀಕರ್ ಹಾಕಿದ್ದರು. "ಅತ್ತೆ, ನೀವು ನನ್ನನ್ನು ಕೇಳಬೇಕಿತ್ತು" ಎಂದರು. ಅಮ್ಮ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ "ಕೇಳಿದ್ದರೆ ನೀನು ಬೇಡ ಅಂತಿದ್ದೆ" ಎಂದರು. "ಹೌದು, ಅಂತಿದ್ದೆ" ಎಂದರು ಇವರು. ಆಮೇಲೆ ಇವರು ಕೇಳಿದರು, ಆ ಮೊದಲ ಮಗುವಿಗೆ ಹೆಸರು ಇಟ್ಟಿದ್ದಿರಾ ಎಂದು. ಯಾರೂ ಇವತ್ತಿನ ತನಕ ಕೇಳಿರಲಿಲ್ಲವಂತೆ.

ಇಟ್ಟಿದ್ದರಂತೆ, ಮನಸ್ಸಿನಲ್ಲಿ. ಬಚ್ಚಲಲ್ಲಿ ನನ್ನ ಮಗಳಿಗೆ ನೀರು ಹೊಯ್ಯುವಾಗ ಬಾಯಿಗೆ ಬಂದದ್ದೂ ಅದೇ ಹೆಸರಂತೆ. ಮಿಕ್ಕ ಮಾತು ಸರಿ ಇತ್ತು, "ನೆ" ಎಂದೇ ಅಂದಿದ್ದಾರೆ.

ಕಾನೂನು ಕಣ್ಣು:
ಹೆಸರು ತಪ್ಪಿದರೂ ಸಿಂಧು. ಸ್ನಾನ ಆದದ್ದು ತೋಳ ಮೇಲಿದ್ದ ಮಗುವಿಗೆ. ಗುರುಗಳಿಗೆ ತಿಳಿಸಿ, ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ಮುಂದೆ ಅವಳು ಅಪ್ಪನ ಸಭೆಯಲ್ಲಿ ನೀರಿಗೆ ಇಳಿದರೆ ಅವರಿಗೆ ಅದು ಮೊದಲನೆಯದು, ನಮ್ಮ ಲೆಕ್ಕದಲ್ಲಿ ಆಗಲೇ ಆಗಿಹೋಗಿದೆ. ಇದನ್ನು ಇಬ್ಬರೂ ಒಪ್ಪುವ ದಾರಿ ನನಗೆ ಕಂಡಿಲ್ಲ.

ಕೊನೇ ಬೆಂಚು:
ನಾನು ಮೊದಲೇ ಹೇಳಲಿಲ್ವಾ.

ಐದು ತಿಂಗಳಮ್ಮ:
ಗುರುಗಳು ಬರೆದುಕೊಂಡರು. ನನ್ನವರು ಪಕ್ಕದಲ್ಲೇ ಕೂತಿದ್ದರು, ಒಪ್ಪಲೂ ಇಲ್ಲ, ತಡೆಯಲೂ ಇಲ್ಲ. ಮನೆಗೆ ಬಂದ ಮೇಲೆ ಹಳದಿ ಮಗ್ ಅಟ್ಟದಿಂದ ಇಳಿದಿದೆ. ಮುಂದಿನ ವಾರ ಅಮ್ಮ ಮತ್ತೆ ಬರುತ್ತಿದ್ದಾರೆ. ಮಗುವಿಗೆ ಸ್ನಾನ ಮಾಡಿಸುವುದು ಮಾತ್ರ ತಾನೇ ಎಂದು ಇವರು ಹೇಳಿಬಿಟ್ಟಿದ್ದಾರೆ.